ವರ್ಚುವಲ್ ಯಂತ್ರ ಸೃಷ್ಟಿಯಾದ ಕೂಡಲೇ ಆನ್ಸಿಬಲ್ (ಯಂತ್ರಗಳನ್ನು ತಾನಾಗಿ ಸಜ್ಜುಗೊಳಿಸುವ ಸಾಧನ) ವಿಫಲವಾಗುತ್ತದೆ, ಎರಡನೇ ಬಾರಿ ಓಡಿಸಿದರೆ ಸರಿಹೋಗುತ್ತದೆ. ಏಕೆ?

ಏನನ್ನೂ ಬದಲಿಸದೆ ಎರಡನೇ ಸಲ ಸರಿಹೋಗುತ್ತಿದೆ ಎಂದರೆ ತಪ್ಪು ಬಹುಮಟ್ಟಿಗೆ ಪ್ಲೇಬುಕ್‌ನ (ಆನ್ಸಿಬಲ್ ಮಾಡಬೇಕಾದ ಕೆಲಸಗಳ ಪಟ್ಟಿ) ಕೆಲಸಗಳಲ್ಲಿಲ್ಲ, ಆತುರದಲ್ಲಿದೆ. ಯಂತ್ರವನ್ನು ಸೃಷ್ಟಿಸುವ ಟೆರಾಫಾರ್ಮ್‌ನಂತಹ ಸಾಧನ ಅದು ತಯಾರಾಯಿತು ಎಂದು ವರದಿ ಮಾಡುವ ಹೊತ್ತಿಗೆ ಒಳಗೆ ಎಸ್‌ಎಸ್‌ಎಚ್ ಸೇವೆ (ಆನ್ಸಿಬಲ್ ದೂರದಿಂದ ಯಂತ್ರದೊಳಗೆ ಹೋಗುವ ದಾರಿ) ಇನ್ನೂ ಶುರುವಾಗಿರದೇ ಇರಬಹುದು.

ಪ್ಲೇಬುಕ್‌ನ ಮೊದಲ ಕೆಲಸವಾಗಿ 'ವೇಟ್ ಫಾರ್ ಕನೆಕ್ಷನ್' ಮಾಡ್ಯೂಲ್ ಹಾಕಿ. ಅದು ಪೂರ್ವನಿಯೋಜಿತವಾಗಿ 600 ಸೆಕೆಂಡುಗಳವರೆಗೆ ಕಾಯುತ್ತದೆ. ಆದರೆ ಹಲವರು ಮರೆಯುವ ಸಂಗತಿಯೊಂದಿದೆ: ಆನ್ಸಿಬಲ್ ಯಾವುದೇ ಕೆಲಸಕ್ಕೂ ಮುನ್ನ ಯಂತ್ರದ ಮಾಹಿತಿ ಸಂಗ್ರಹಿಸಲು ಹೋಗುತ್ತದೆ, ಅಲ್ಲಿಯೇ ಎಡವುತ್ತದೆ. ಆದ್ದರಿಂದ ಈ ಮಾಹಿತಿ ಸಂಗ್ರಹದ 'ಗ್ಯಾದರ್ ಫ್ಯಾಕ್ಟ್ಸ್' ಆಯ್ಕೆಯನ್ನು ಆಫ್ ಮಾಡಿ, ಸಂಪರ್ಕ ಸಿಕ್ಕ ನಂತರ ಅದೇ ಮಾಹಿತಿ ಸಂಗ್ರಹಿಸುವ 'ಸೆಟಪ್' ಮಾಡ್ಯೂಲನ್ನು ನೀವೇ ಕರೆಯಿರಿ.

ಸಂಪರ್ಕ ಸಿಕ್ಕಿಯೂ ಉಬುಂಟು ಯಂತ್ರದಲ್ಲಿ ಡಿಪಿಕೆಜಿ (ಪ್ಯಾಕೇಜ್‌ಗಳನ್ನು ಸ್ಥಾಪಿಸುವ ಸಾಧನ) ಬೀಗದ ದೋಷ ಬಂದರೆ, ಕ್ಲೌಡ್-ಇನಿಟ್ (ಮೊದಲ ಬಾರಿ ಶುರುವಾದಾಗ ಯಂತ್ರವನ್ನು ಸಿದ್ಧಗೊಳಿಸುವ ತಂತ್ರಾಂಶ) ಅಥವಾ ಸ್ವಯಂಚಾಲಿತ ಅಪ್‌ಡೇಟ್ ಹಿನ್ನೆಲೆಯಲ್ಲಿ ಪ್ಯಾಕೇಜ್‌ಗಳನ್ನು ಹಿಡಿದುಕೊಂಡಿದೆ. ಕ್ಲೌಡ್-ಇನಿಟ್‌ನ 'ಸ್ಟೇಟಸ್' ಆದೇಶವನ್ನು 'ವೇಟ್' ಆಯ್ಕೆಯೊಂದಿಗೆ ಓಡಿಸಿದರೆ ಅದು ಮುಗಿಯುವ ತನಕ ತಡೆದು ನಿಲ್ಲುತ್ತದೆ. ಪ್ಯಾಕೇಜ್ ಸ್ಥಾಪಿಸುವ ಎಪಿಟಿ ಮಾಡ್ಯೂಲಿನ 'ಲಾಕ್ ಟೈಮ್‌ಔಟ್' (ಬೀಗ ತೆರೆಯಲು ಕಾಯುವ ಸಮಯ) ಮೌಲ್ಯವನ್ನೂ ಹೆಚ್ಚಿಸಿ. ಬೀಗದ ಕಡತವನ್ನು ಅಳಿಸುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ದಯವಿಟ್ಟು ಪಾಲಿಸಬೇಡಿ, ಪ್ಯಾಕೇಜ್ ದತ್ತಾಂಶವೇ ಕೆಡಬಹುದು.

ಕುರುಡಾಗಿ ಅರವತ್ತು ಸೆಕೆಂಡು ನಿದ್ರೆ ಹಾಕಿಸುವುದು ನನಗೆ ಹಿಡಿಸುವುದಿಲ್ಲ. ಯಂತ್ರ ನಿಧಾನವಾದ ದಿನ ಅದೂ ಸಾಲದು.

ಹಳೆಯ ಯಂತ್ರವನ್ನು ಅಳಿಸಿ ಅದೇ ಐಪಿ ವಿಳಾಸದಲ್ಲಿ ಹೊಸದನ್ನು ಕಟ್ಟಿದ್ದರೆ ಕಥೆ ಬೇರೆ. ಆಗ ಎಷ್ಟು ಕಾದರೂ ಪ್ರಯೋಜನವಿಲ್ಲ. ಎಸ್‌ಎಸ್‌ಎಚ್ ಯಂತ್ರಗಳ ಗುರುತಿನ ಕೀಲಿಗಳನ್ನು ನೆನಪಿಡುವ 'ನೋನ್ ಹೋಸ್ಟ್ಸ್' ಕಡತದಲ್ಲಿರುವ ಆ ವಿಳಾಸದ ಹಳೆಯ ಕೀಲಿಯನ್ನು ತೆಗೆಯಬೇಕು.