ದ್ವೀಪದ ಶಾಲೆಗೆ ದುಡ್ಡು ಕಳಿಸುತ್ತೀರಿ, ಮಗು ಓದುತ್ತಾ ಅಂತ ಕೇಳಿದ್ದೀರಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಟ್ರಸ್ಟ್ ಶಾಲೆಗಳ ಬಗ್ಗೆಯೇ ಇವೆ. ಹೋದ ವರ್ಷವೂ ಇವೇ ಬಂದಿದ್ದವು. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಶಿಕ್ಷಕರ ತರಬೇತಿಯಲ್ಲೇ ಜೀವನ ಕಳೆದವನು ನಾನು. ಕೇಳಬೇಕಾದ ಒಂದೇ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಕೇಳುತ್ತಾರಲ್ಲ, ಅದಕ್ಕೇ ಬೇಸರ. ಟ್ರಸ್ಟ್ ನೋಂದಣಿ, ತೆರಿಗೆ ವಿನಾಯಿತಿಯ ರಸೀದಿ, ಆಡಿಟ್ ವರದಿ ನೋಡದೆ ಹಣ ಕೊಡಬಾರದು ಅನ್ನುವುದು ನಿಮಗೆ ಗೊತ್ತಿರುವುದೇ. ಅದನ್ನು ಇಲ್ಲಿ ಬರೆಯುವುದಿಲ್ಲ.

ಪ್ರಶ್ನೆ (ಸಕಲೇಶಪುರದಿಂದ): ನಾವು ಕೆಲವು ಬೆಳೆಗಾರರು ಸೇರಿ ಪಶ್ಚಿಮ ಬಂಗಾಳದ ಸುಂದರಬನದ ಒಂದು ದ್ವೀಪದಲ್ಲಿ ಟ್ರಸ್ಟ್‌ನವರು ನಡೆಸುವ ಶಾಲೆಗೆ ನಾಲ್ಕು ವರ್ಷದಿಂದ ಹಣ ಕಳಿಸುತ್ತಿದ್ದೇವೆ. ನಮ್ಮ ತೋಟದ ಕೆಲಸಗಾರರೊಬ್ಬರ ಊರು ಅದು. ಪ್ರತಿ ವರ್ಷ ವರದಿ ಬರುತ್ತದೆ. ಮಕ್ಕಳ ಸಂಖ್ಯೆ ಎರಡರಷ್ಟಾಗಿದೆ, ಎರಡು ಹೊಸ ಕೊಠಡಿ, ಸ್ಮಾರ್ಟ್ ಟಿವಿ, ನೂರಕ್ಕೆ ನೂರು ಪಾಸು ಅಂತ ಇದೆ. ಶಾಲೆ ಮುಂದೆ ಬರುತ್ತಿದೆ ಅಂತ ನಂಬಬಹುದಾ?

ಉತ್ತರ: ಆ ವರದಿ ನೋಡಿ ನಂಬಬೇಡಿ. ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ಮಕ್ಕಳ ಕಲಿಕೆಯ ಬಗ್ಗೆ ಒಂದು ಸಾಲೂ ಇಲ್ಲ, ಅಷ್ಟೇ.

ನೂರಕ್ಕೆ ನೂರು ಪಾಸು ಅನ್ನುವುದನ್ನೇ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 8ನೇ ತರಗತಿವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಕೂರಿಸುವಂತಿರಲಿಲ್ಲ. 2019ರ ತಿದ್ದುಪಡಿಯಲ್ಲಿ 5 ಮತ್ತು 8ಕ್ಕೆ ಮಾತ್ರ ಅದನ್ನು ರಾಜ್ಯಗಳಿಗೆ ಬಿಟ್ಟರು. ಅಂದರೆ 1ರಿಂದ 4ರವರೆಗೆ ಎಲ್ಲರೂ ಪಾಸಾಗಲೇಬೇಕು. ಅದನ್ನು ಸಾಧನೆ ಅಂತ ಅಚ್ಚು ಹಾಕಿಸುವುದು ಸರಿಯಾ? ಇನ್ನು ಮಕ್ಕಳ ಸಂಖ್ಯೆ. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು ಸಮವಸ್ತ್ರ, ಊಟ ನೋಡಿ ಇಲ್ಲಿಗೆ ಬಂದಿದ್ದರೂ ಸಂಖ್ಯೆ ಎರಡರಷ್ಟಾಗುತ್ತದೆ. ಊರಿನಲ್ಲಿ ಹೊಸದಾಗಿ ಶಾಲೆ ಕಂಡ ಮಗು ಒಂದೂ ಇಲ್ಲದಿರಬಹುದು.

ಹಾಗಾದರೆ ಏನು ನೋಡಬೇಕು? ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಪ್ರಥಮ್ ಸಂಸ್ಥೆಯವರು 2005ರಿಂದ ನಡೆಸುವ ಅಸರ್ ಸಮೀಕ್ಷೆಯ ಓದುವ ಹಾಳೆ ಬಂಗಾಳಿಯಲ್ಲೂ ಇದೆ. ಒಂದೇ ಹಾಳೆ ಅದು. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಮೊದಲು ಪ್ಯಾರಾ ಕೊಡಿ. ಸಲೀಸಾಗಿ ಓದಿದರೆ ಕಥೆ ಕೊಡಿ. ತಡವರಿಸಿದರೆ ಪದಗಳಿಗೆ ಇಳಿಯಿರಿ, ಐದರಲ್ಲಿ ನಾಲ್ಕು ಸರಿ ಬರಬೇಕು. ಅದೂ ಆಗದಿದ್ದರೆ ಅಕ್ಷರ. ಒಂದು ಮಗುವಿಗೆ ಐದು ನಿಮಿಷ ಸಾಕು. ಆದರೆ ಮಗುವನ್ನು ನೀವೇ ಹಾಜರಿ ಪುಸ್ತಕದಿಂದ ಆರಿಸಿ. ಮೇಷ್ಟ್ರು ಕರೆದು ನಿಲ್ಲಿಸುವ ಮಗು ಬೇಡ, ಆ ಮಗು ಎಲ್ಲ ಅತಿಥಿಗಳ ಮುಂದೆಯೂ ಓದಿರುತ್ತದೆ.

ಬಂಗಾಳಿ ಬರದವರು ಹೇಗೆ ನೋಡುವುದು ಅಂತ ಕೇಳುತ್ತೀರಿ. ಕಿವಿಗೆ ಗೊತ್ತಾಗುತ್ತದೆ. ಸುಂದರಬನದಲ್ಲೇ ಗೋಸಾಬಾ ಕಡೆಯ ಇಂಥದ್ದೇ ಒಂದು ಶಾಲೆಗೆ ನಾನು ಮೂರು ಸಲ ಹೋಗಿದ್ದೇನೆ. ಮೊದಲ ಸಲ ಮೂರನೇ ತರಗತಿಯ ಒಬ್ಬ ಹುಡುಗಿ ಪುಸ್ತಕದ ಮೇಲೆ ಬೆರಳಿಟ್ಟು ಗಟ್ಟಿಯಾಗಿ, ರಾಗವಾಗಿ, ಎಲ್ಲೂ ನಿಲ್ಲದೆ ಒಂದು ಪುಟ ಓದಿದಳು. ಎಲ್ಲರಿಗೂ ಖುಷಿ. ನನಗೆ ಆ ರಾಗದ ಮೇಲೇ ಅನುಮಾನ. ಎರಡನೇ ಸಲ ಓದಿಸುವಾಗ ಪುಟದ ಅರ್ಧಕ್ಕೆ ನನ್ನ ಅಂಗೈ ಅಡ್ಡ ಇಟ್ಟೆ. ಅವಳ ಬೆರಳು ನನ್ನ ಕೈ ಹತ್ತಿರ ಬಂದು ನಿಂತಿತು, ಓದು ನಿಲ್ಲಲಿಲ್ಲ! ಪಾಠ ಬಾಯಿಪಾಠವಾಗಿತ್ತು, ಅಕ್ಷರ ಬರುತ್ತಿರಲಿಲ್ಲ. ಅವಳ ತಪ್ಪು ಏನೂ ಇಲ್ಲ, ಪಾಪ. ಅಷ್ಟು ಚೆನ್ನಾಗಿ ಬಾಯಿಪಾಠ ಮಾಡುವ ಮಗುವಿಗೆ ಓದು ಕಲಿಸಲು ಎಷ್ಟು ಹೊತ್ತು ಬೇಕು ಹೇಳಿ? ಆಮೇಲೆ ಆ ಶಾಲೆಯವರು ದಿನಕ್ಕೆ ಒಂದು ಗಂಟೆ ಯಾವ ತರಗತಿ ಅನ್ನುವ ಲೆಕ್ಕ ಬಿಟ್ಟು, ಯಾರಿಗೆ ಎಷ್ಟು ಬರುತ್ತದೋ ಅದರ ಪ್ರಕಾರ ಗುಂಪು ಮಾಡಿ ಕಲಿಸಿದರು. ಮೂರನೇ ಸಲ ಹೋದಾಗ ಅದೇ ಹುಡುಗಿ ದೋಣಿಕಟ್ಟೆಯ ಹತ್ತಿರ ಅಂಟಿಸಿದ್ದ ನೋಟಿಸನ್ನು ಅಜ್ಜಿಗೆ ಓದಿ ಹೇಳುತ್ತಿದ್ದಳು. ಮಧ್ಯೆ ಮಧ್ಯೆ ನಿಲ್ಲುತ್ತಿದ್ದಳು, ಕೂಡಿಸುತ್ತಿದ್ದಳು, ತಪ್ಪಿದ್ದನ್ನು ತಾನೇ ತಿದ್ದಿಕೊಳ್ಳುತ್ತಿದ್ದಳು. ನನಗೆ ಬೇಕಾಗಿದ್ದ ವರದಿ ಅದು.

ನೂರಕ್ಕೆ ನೂರು ಕೇಳಬೇಡಿ. ಅದೇ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲೇ 5ನೇ ತರಗತಿಯವರಲ್ಲಿ ಎರಡನೇ ತರಗತಿಯ ಕಥೆ ಓದಬಲ್ಲವರು 2022ರಲ್ಲಿ ಶೇ. 42.8, 2024ರಲ್ಲಿ ಶೇ. 48.8. ಹೋದ ವರ್ಷ ಅಕ್ಷರದಲ್ಲಿದ್ದ ಮಕ್ಕಳಲ್ಲಿ ಎಷ್ಟು ಜನ ಈ ವರ್ಷ ಪ್ಯಾರಾಕ್ಕೆ ಬಂದರು ಅಂತ ಹೆಸರು ಹಿಡಿದು ಕೇಳಿ.

ಎರಡನೆಯದು ಹಾಜರಿ. ಒಟ್ಟು ಶೇಕಡಾ ಬೇಡ, ದಿನದ ಪುಸ್ತಕ ತೆಗೆಸಿ. ಅಲ್ಲಿ ಅಮಾವಾಸ್ಯೆ, ಹುಣ್ಣಿಮೆ ಬಂದಾಗ ಉಬ್ಬರ ಜೋರು. ಆಗ ಸಿಗಡಿ ಮರಿ ಹಿಡಿಯಲು ಹೆಂಗಸರು, ಹುಡುಗಿಯರು ಸೊಂಟದವರೆಗೆ ನೀರಿನಲ್ಲಿ ನಿಂತು ಬಲೆ ಎಳೆಯುತ್ತಾರೆ. ಪುಸ್ತಕದಲ್ಲಿ ಹುಡುಗಿಯರ ಹೆಸರಿನ ಮುಂದೆ ಹದಿನೈದು ದಿನಕ್ಕೊಮ್ಮೆ ಸಾಲಾಗಿ ಗೈರು. ಶಾಲೆಯವರು ಇದನ್ನು ಗಮನಿಸಿದ್ದಾರಾ? ಆ ದಿನಗಳಲ್ಲಿ ಸಮಯ ಬದಲಾಯಿಸುತ್ತಾರಾ, ಅಥವಾ ಸಂಜೆ ಕರೆಸಿ ಹೇಳಿಕೊಡುತ್ತಾರಾ? ನಮ್ಮಲ್ಲೂ ಕಾಫಿ ಕೊಯ್ಲಿನಲ್ಲಿ ಹೀಗೇ ಆಗುತ್ತದೆ ಅಲ್ವಾ, ನಿಮಗೆ ಅರ್ಥವಾಗುತ್ತದೆ.

ಮೂರನೆಯದು ಶಿಕ್ಷಕರು. ಭಾರತದ ಕಡೆಯ ಸುಂದರಬನದ 102 ದ್ವೀಪಗಳಲ್ಲಿ 54ರಲ್ಲಿ ಜನ ಇದ್ದಾರೆ. ಎಷ್ಟೋ ಕಡೆಗೆ ಹೋಗಲು ಭಟಭಟಿಯೇ ಗತಿ, ಅಲ್ಲಿ ಮೋಟಾರು ದೋಣಿಗೆ ಹಾಗನ್ನುತ್ತಾರೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ನೀರು ಇಳಿದಾಗ ಮೊಣಕಾಲವರೆಗೆ ಕೆಸರು. ಹೊರಗಿನಿಂದ ದಿನಾ ಬಂದು ಹೋಗುವ ಮೇಷ್ಟ್ರು ಎಷ್ಟು ದಿನ ಸರಿಯಾದ ಹೊತ್ತಿಗೆ ಬಂದಾರು? ಆ ದ್ವೀಪದಲ್ಲೇ ಮನೆ ಇರುವ ಶಿಕ್ಷಕರು ಎಷ್ಟು ಜನ, ಮೂರು ವರ್ಷದಿಂದ ಉಳಿದವರು ಯಾರು, ಸಂಬಳ ಎಷ್ಟು ತಿಂಗಳದ್ದು ಬಾಕಿ ಇದೆ ಅಂತ ಕೇಳಿ. ನನ್ನನ್ನು ಕೇಳಿದರೆ ನಿಮ್ಮ ದುಡ್ಡು ಪೂರ್ತಿ ಸಂಬಳಕ್ಕೇ ಹೋಗಲಿ. ಅದೂ ಮೂರು ವರ್ಷಕ್ಕೆ ಮಾತು ಕೊಟ್ಟು.

ಕಟ್ಟಡ ಬೇಡ ಅನ್ನುತ್ತಿಲ್ಲ. 2009ರ ಮೇ 25ರಂದು ಐಲಾ ಚಂಡಮಾರುತ ಬಂದು ಏರಿಗಳು ಒಡೆದು ಗದ್ದೆ, ಕೆರೆಗಳಿಗೆ ಉಪ್ಪುನೀರು ನುಗ್ಗಿತು. 2020ರಲ್ಲಿ ಅಂಫನ್, 2021ರಲ್ಲಿ ಯಾಸ್. ಅಂಥ ಕಡೆ ಕಂಬದ ಮೇಲೆ ಎತ್ತರಿಸಿ ಕಟ್ಟಿದ ಕೊಠಡಿ ಇಡೀ ಊರಿನ ಜೀವ ಉಳಿಸುತ್ತದೆ. ಹೊಸ ಕೊಠಡಿ ನೆಲಮಟ್ಟದಲ್ಲಿದೆಯಾ, ಎತ್ತರದಲ್ಲಿದೆಯಾ ಅಂತ ಫೋಟೋ ತರಿಸಿ ನೋಡಿ. ಸ್ಮಾರ್ಟ್ ಟಿವಿ ಮಾತ್ರ ನಿಲ್ಲಿಸಿ. ನಮ್ಮ ಜಿಲ್ಲೆಯಲ್ಲೇ ಒಂದು ಶಾಲೆಗೆ ನಾವು ಕೊಡಿಸಿದ ಕಂಪ್ಯೂಟರ್‌ಗಳು ಎರಡು ವರ್ಷ ಆದರೂ ಡಬ್ಬದಿಂದ ಹೊರಗೆ ಬರಲಿಲ್ಲ. ಮಳೆಗಾಲದ ತೇವಕ್ಕೆ ಡಬ್ಬದ ಮೇಲೆ ಬಿಳಿ ಬೂಸ್ಟು ಹಿಡಿದಿತ್ತು.

ಕೊನೆಯದಾಗಿ, ಶಾಲೆಗೆ ಸರ್ಕಾರದ ಮಾನ್ಯತೆ ಇದೆಯಾ ನೋಡಿ. ಇದು ಬರೀ ಕಾಗದದ ಮಾತಲ್ಲ. ಪಶ್ಚಿಮ ಬಂಗಾಳದಲ್ಲಿ 2013ರಿಂದ ಕನ್ಯಾಶ್ರೀ ಯೋಜನೆ ಇದೆ. ಹುಡುಗಿ ಮದುವೆಯಾಗದೆ 18ರವರೆಗೆ ಓದಿದರೆ 25 ಸಾವಿರ ರೂಪಾಯಿ ಸಿಗುತ್ತದೆ. ಮಾನ್ಯತೆ ಇರುವ ಕಡೆ ಓದುತ್ತಿದ್ದರೆ ಮಾತ್ರ. 8ನೇ ತರಗತಿ ಮುಗಿಸಿದ ಹುಡುಗಿಯರು ಎಲ್ಲಿ ಹೋದರು ಅಂತ ಒಬ್ಬೊಬ್ಬರ ಹೆಸರು ಹಿಡಿದು ಕೇಳಿ. ಉತ್ತರ ಬರದಿದ್ದರೆ ಮುಂದಿನ ಕಂತು ತಡೆಹಿಡಿಯಿರಿ. ನಾನಾದರೆ ತಡೆಯುತ್ತೇನೆ.

ಪ್ರಶ್ನೆ (ಹಾಸನದಿಂದ): ಅಲ್ಲಿನ ಮಕ್ಕಳಿಗೆ ಮಿಡ್‌ಬ್ರೈನ್ ಆಕ್ಟಿವೇಷನ್ ಶಿಬಿರ ಮಾಡಿಸಿದರೆ ಬೇಗ ಕಲಿಯುತ್ತಾರಾ?

ಉತ್ತರ: ಅದು ಮೋಸ. ಕಣ್ಣಿಗೆ ಬಟ್ಟೆ ಕಟ್ಟಿದರೂ ಮಗು ಓದುತ್ತದೆ ಅಂತ ಆ ಶಿಬಿರದವರು ತೋರಿಸುತ್ತಾರೆ. ಕಣ್ಣಿಗೆ ಕಟ್ಟಿದ ಬಟ್ಟೆಯ ಕೆಳಗೆ, ಮೂಗಿನ ಪಕ್ಕದ ಸಂದಿಯಲ್ಲಿ ಮಗು ಇಣುಕಿ ನೋಡುತ್ತದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನು ಬಯಲಿಗೆಳೆದು ಎಷ್ಟೋ ವರ್ಷವಾಯಿತು. ಮಗುವಿಗೆ ಸುಳ್ಳು ಹೇಳುವುದನ್ನು ಕಲಿಸಿ ಸಾವಿರಾರು ರೂಪಾಯಿ ಕೀಳುವವರನ್ನು ನಿಮ್ಮ ಊರಿಗೂ ಸೇರಿಸಬೇಡಿ.

ಪ್ರಶ್ನೆ (ಕಡೂರಿನಿಂದ): ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ ಮಾಡಿ ಅಂತ ಹೇಳಬಹುದಾ?

ಉತ್ತರ: ಬೇಡ. ಮನೆ ಮಾತಿನಲ್ಲಿ ಓದಲು ಬಂದ ಮೇಲೆ ಇಂಗ್ಲಿಷ್ ಕಲಿಯಲಿ.

ಪ್ರಶ್ನೆ (ಬೇಲೂರಿನಿಂದ): ಹಳೇ ಬಟ್ಟೆ ಕಳಿಸಬಹುದಾ?

ಉತ್ತರ: ಸಾಗಿಸುವ ಖರ್ಚನ್ನು ಸಂಬಳಕ್ಕೆ ಕೊಡಿ.

ಪ್ರಶ್ನೆ (ಮೂಡಿಗೆರೆಯಿಂದ): ನಮ್ಮ ತೋಟದ ಲೈನ್ ಮನೆಗಳಲ್ಲಿ ಬಂಗಾಳ, ಅಸ್ಸಾಂ ಕಡೆಯ ಕುಟುಂಬಗಳಿವೆ. ಮಕ್ಕಳಿಗೆ ಟಿಸಿ ಇಲ್ಲ, ಕನ್ನಡವೂ ಬರಲ್ಲ. ಶಾಲೆಗೆ ಸೇರಿಸಿಕೊಳ್ಳುತ್ತಾರಾ?

ಉತ್ತರ: ಸೇರಿಸಿಕೊಳ್ಳಲೇಬೇಕು. ವಯಸ್ಸಿನ ದಾಖಲೆ ಇಲ್ಲ ಅಂತ, ಟಿಸಿ ತಡವಾಯಿತು ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದೆ ಬಿದ್ದಿದ್ದನ್ನು ಬೇರೆಯಾಗಿ ಕಲಿಸಬೇಕು ಅಂತ ಅದೇ 2009ರ ಕಾಯ್ದೆಯಲ್ಲಿದೆ. ಕನ್ನಡದ ಚಿಂತೆ ಬಿಡಿ, ಬೇರೆ ಮಕ್ಕಳ ಜೊತೆ ಆಡುತ್ತಾ ಮಾತು ತಾನಾಗೇ ಬರುತ್ತದೆ. ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಅನ್ನಬೇಡಿ. ಕೊಯ್ಲು ಮುಗಿದಾಗ ಅವರು ಊರಿಗೆ ಹೊರಟಿರುತ್ತಾರೆ. ಸೋಮವಾರ ನೀವೇ ಮಕ್ಕಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ. ಆಗಲ್ಲ ಅಂದರೆ ಬರೆದು ಕೊಡಿ ಅಂತ ಕೇಳಿ, ಆ ಚೀಟಿ ಹಿಡಿದು ನೇರ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಹೋಗಿ.