ಮಗುವಿಗೆ ಇಂಗ್ಲಿಷ್ ಪದದ ಅರ್ಥ ಸುಲಭವಾಗಿ ಹೇಳುವುದು ಹೇಗೆ?

ಮಗಳು ಮೂರನೇ ಕ್ಲಾಸ್, ಕನ್ನಡ ಮೀಡಿಯಂ, ಡಿಕ್ಷನರಿ ತೆಗೆದರೆ ಅದರಲ್ಲಿರುವ ಅರ್ಥವೇ ಪದಕ್ಕಿಂತ ಕಷ್ಟ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಶಿಡ್ಲಘಟ್ಟದವಳು. ಸಂಜೆ ಹೊತ್ತು ನಮ್ಮ ಬೀದಿಯ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ನಾನು ಪಾಲಿಸುವುದು ಒಂದೇ ನಿಯಮ. ಹೊಸ ಪದದ ಅರ್ಥವನ್ನು ಮಗುವಿಗೆ ಆಗಲೇ ಬರುವ ಇಂಗ್ಲಿಷ್ ಪದಗಳಲ್ಲೇ ಹೇಳಬೇಕು.

ಇದು ಹಳೆಯ ವಿದ್ಯೆಯೇ. ಢಾಕಾದಲ್ಲಿ ಮಕ್ಕಳ ಇಂಗ್ಲಿಷ್ ಓದಿನ ಮೇಲೆ ಕೆಲಸ ಮಾಡಿದ್ದ ಮೈಕೆಲ್ ವೆಸ್ಟ್, ಜೊತೆಗಾರರೊಬ್ಬರೊಂದಿಗೆ ಸೇರಿ 1935ರಲ್ಲಿ ಒಂದು ಡಿಕ್ಷನರಿ ತಂದರು. ಸುಮಾರು 24,000 ಪದ, ನುಡಿಗಟ್ಟುಗಳ ಅರ್ಥವನ್ನು ಬರೀ 1,490 ಪದಗಳಲ್ಲಿ ಬರೆದಿದ್ದರು. 1978ರಲ್ಲಿ ಬಂದ ಲಾಂಗ್‌ಮನ್ ಡಿಕ್ಷನರಿಯೂ ಸುಮಾರು 2,000 ಪದಗಳಲ್ಲೇ ಎಲ್ಲಕ್ಕೂ ಅರ್ಥ ಕೊಟ್ಟಿತು.

ಕನ್ನಡದಲ್ಲಿ ಒಂದು ಪದ ಹೇಳಿಬಿಟ್ಟರೆ ಸಾಕಲ್ವಾ ಅನ್ನಿಸಬಹುದು. ‘ಮ್ಯಾಂಗೋ’, ‘ಕೌ’ ತರಹದ ಪದಗಳಿಗೆ ಧಾರಾಳವಾಗಿ ಸಾಕು. ಎಲ್ಲ ಕಡೆ ಸಾಲದು. ನಮ್ಮ ಕಡೆ ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತೇವೆ. ಸೊಪ್ಪು ತಿನ್ನದೆ, ತಲೆ ಎತ್ತಿಕೊಂಡು ಸುಮ್ನೆ ಇದ್ದರೆ ಹುಳು ಜ್ವರಕ್ಕೆ ಕೂತಿದೆ ಅಂತ ಇಲ್ಲಿನ ಮಕ್ಕಳಿಗೂ ಗೊತ್ತು. ‘ಮೋಲ್ಟ್’ ಅಂದರೆ ಜ್ವರ ಎಂದು ಹೇಳಿ ಬಿಟ್ಟರೆ, ನಾಳೆ ಮೈ ಬಿಸಿಯಾದಾಗಲೂ ಮಗು ಅದೇ ಪದ ಬಳಸುತ್ತೆ. ಅದಕ್ಕೇ ನಾನು ಹೀಗೆ ಹೇಳುತ್ತೇನೆ: ‘ವೆನ್ ಎ ಸಿಲ್ಕ್‌ವರ್ಮ್ ಮೋಲ್ಟ್ಸ್, ಇಟ್ಸ್ ಓಲ್ಡ್ ಸ್ಕಿನ್ ಕಮ್ಸ್ ಆಫ್.’ ಹುಳುವನ್ನು ಕಣ್ಣಾರೆ ಕಂಡ ಮಗುವಿಗೆ ಇನ್ನೇನೂ ಬೇಕಿಲ್ಲ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತೆ, ಹಾಗಾಗಿ ಸಾಕುವ ಮನೆಯಲ್ಲಿ ಪದವನ್ನು ಮತ್ತೆ ಮತ್ತೆ ನೆನಪಿಸಲು ಅವಕಾಶವೂ ಸಿಗುತ್ತೆ.

‘ವೆನ್’, ‘ಇಫ್’ ಎಂದು ಶುರುವಾಗುವ ಪೂರ್ತಿ ವಾಕ್ಯವೇ ಮಕ್ಕಳಿಗೆ ಹಿಡಿಸುವುದು. ‘ಬಾರೋ’, ‘ಲೆಂಡ್’ ನೋಡಿ. ನಮಗೆ ಎರಡೂ ಸಾಲವೇ, ಅದಕ್ಕೇ ಮಕ್ಕಳು ಅದಲು ಬದಲು ಮಾಡುತ್ತಾರೆ. ‘ಇಫ್ ಯು ಬಾರೋ ಎ ಪೆನ್ಸಿಲ್, ಯು ಟೇಕ್ ಇಟ್ ನೌ ಅಂಡ್ ಗಿವ್ ಇಟ್ ಬ್ಯಾಕ್ ಲೇಟರ್’ ಎಂದು ಹೇಳಿ, ಪೆನ್ಸಿಲ್ ಕೈ ಬದಲಾಯಿಸಿ ತೋರಿಸಿ. ಕೊಟ್ಟವರು ‘ಲೆಂಡ್’ ಮಾಡಿದರು, ತಗೊಂಡವರು ‘ಬಾರೋ’ ಮಾಡಿದರು. ಆಮೇಲೆ ಮಗಳೇ ಅದನ್ನು ತನ್ನ ಮಾತಲ್ಲಿ ಹೇಳಲಿ. ವ್ಯಾಕರಣ ತಪ್ಪಿದರೆ ತಪ್ಪಲಿ, ಆಗ ತಿದ್ದಲು ಹೋಗಬೇಡಿ.

‘ದಿ’, ‘ಆಫ್’ ಇಂಥವಕ್ಕೆ ಅರ್ಥ ಹೇಳುವ ಗೋಜಿಗೇ ಹೋಗಬೇಡಿ. ಓದುತ್ತಾ ಓದುತ್ತಾ ತಾನಾಗಿ ಬರುತ್ತವೆ.

ಡಿಕ್ಷನರಿ ಕೊಳ್ಳುವಾಗ ಅಂಗಡಿಯಲ್ಲೇ ‘ಬ್ರೇವ್’ ಪದ ತೆಗೆದು ನೋಡಿ. ‘ಕರೇಜಿಯಸ್’ ಎಂದಷ್ಟೇ ಬರೆದಿದ್ದರೆ ವಾಪಸ್ ಇಟ್ಟುಬಿಡಿ. ‘ನಾಟ್ ಅಫ್ರೈಡ್’ ಎಂದಿದ್ದರೆ ಆ ಪುಸ್ತಕ ನಿಮ್ಮ ಮಗಳಿಗೆ ಆಗುತ್ತೆ.