ಹಳೆ ಗೇಮ್ ಡಿಸ್ಕ್ ಕೊಂಡರೆ ಮಾಡಿದವನ ಹೊಟ್ಟೆಗೆ ಹೊಡೆದಂತೆಯೇ?

ಗೇಮ್ ಕುರಿತ ಓದುಗರ ಪ್ರಶ್ನೆಗಳಿಗೆ, ಶಿವಮೊಗ್ಗದ ದುರ್ಗಿಗುಡಿಯಲ್ಲಿ ಗೇಮ್ ಡಿಸ್ಕ್ ಮಾರಾಟ ಮತ್ತು ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) ರಿಪೇರಿ ಅಂಗಡಿ ಇಟ್ಟಿರುವವರ ಉತ್ತರ

ಪ್ರಶ್ನೆ: ಸರ್, ನಾನು ಸೋನಿಯ ಪಿಎಸ್4 (ಪ್ಲೇಸ್ಟೇಷನ್ 4) ಗೇಮ್‌ಗಳನ್ನು ಯಾವಾಗಲೂ ಸೆಕೆಂಡ್ ಹ್ಯಾಂಡ್ ಡಿಸ್ಕಿನಲ್ಲೇ ತಗೊಳ್ಳೋದು. ಆಡಿ ಮುಗಿದ ಮೇಲೆ ಮಾರ್ತೀನಿ. ‘ಇದಕ್ಕೂ ಪೈರಸಿಗೂ ವ್ಯತ್ಯಾಸ ಇಲ್ಲ, ಗೇಮ್ ಮಾಡಿದವರಿಗೆ ಒಂದು ಪೈಸೆಯೂ ಹೋಗಲ್ಲ’ ಅಂತ ಹಾಸ್ಟೆಲ್ ಗೆಳೆಯ ಹೇಳ್ತಾನೆ. ನಾನು ಮಾಡ್ತಿರೋದು ತಪ್ಪಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಸಾಗರ

ಉತ್ತರ: ತಪ್ಪಲ್ಲ, ಧೈರ್ಯವಾಗಿ ಕೊಳ್ಳಿ. ಪೈರಸಿಯಲ್ಲಿ ಒಂದು ಪ್ರತಿ ನೂರಾಗುತ್ತದೆ. ಹಳೆ ಡಿಸ್ಕ್ ಎಷ್ಟು ಕೈ ಬದಲಾದರೂ ಒಂದೇ. ನೀವು ಮಾರಿದ ದಿನದಿಂದ ನಿಮ್ಮ ಮನೆಯಲ್ಲಿ ಆ ಗೇಮ್ ಓಡುವುದಿಲ್ಲ. ಆ ಪ್ರತಿಯ ದುಡ್ಡು ಮೊದಲ ಗಿರಾಕಿ ಕೊಟ್ಟಾಗಲೇ ಕಂಪನಿಗೆ ಸಂದಾಯವಾಗಿದೆ.

ಈ ಜಗಳ ಗೇಮ್‌ಗಿಂತ ಹಳೆಯದು. ಅಮೆರಿಕದ ಪ್ರಕಾಶಕರೊಬ್ಬರು ತಮ್ಮ ಕಾದಂಬರಿಯನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದು ಎಂದು ಪುಸ್ತಕದೊಳಗೇ ಅಚ್ಚು ಹಾಕಿಸಿದ್ದರು. ಮೇಸೀಸ್ ಅಂಗಡಿಯವರು ಅದನ್ನು 89 ಸೆಂಟಿಗೆ ಮಾರಿದರು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಂಗಡಿಯವರ ಪರ ನಿಂತಿತು. ಒಮ್ಮೆ ಮಾರಿದ ಪ್ರತಿಯ ಮುಂದಿನ ಬೆಲೆ ಗೊತ್ತುಮಾಡುವ ಹಕ್ಕು ಪ್ರಕಾಶಕರಿಗೆ ಇಲ್ಲ ಎಂದಿತು. ಜಪಾನಿನ ಸುಪ್ರೀಂ ಕೋರ್ಟ್ 2002ರಲ್ಲಿ ಗೇಮ್ ಕಂಪನಿಗಳ ಅರ್ಜಿಯಲ್ಲೇ ಇಂಥ ತೀರ್ಪು ಕೊಟ್ಟಿತು, ಹಳೆ ಗೇಮ್ ಮಾರುವ ಅಂಗಡಿಗಳು ಉಳಿದುಕೊಂಡವು.

ಆದರೆ ನಿಮ್ಮ ಗೆಳೆಯನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ‘ಹೆವಿ ರೇನ್’ ಅಂತ 2010ರಲ್ಲಿ ಪಿಎಸ್3ಗೆ ಒಂದು ಕಥಾಪ್ರಧಾನ ಗೇಮ್ ಬಂತು. ಮಾಡಿದ್ದು ಫ್ರಾನ್ಸಿನ ಕ್ವಾಂಟಿಕ್ ಡ್ರೀಮ್. ಮರುವರ್ಷ ಆ ಸಂಸ್ಥೆಯವರು ಕೊಟ್ಟ ಲೆಕ್ಕ ಇದು: ಮಾರಾಟವಾದದ್ದು ಸುಮಾರು 20 ಲಕ್ಷ ಪ್ರತಿ, ಆದರೆ ಆಟದಲ್ಲಿ ಗೆದ್ದದ್ದಕ್ಕೆ ಸಿಗುವ ‘ಟ್ರೋಫಿ’ಗಳ ಆನ್‌ಲೈನ್ ದಾಖಲೆ ನೋಡಿದರೆ ಆಡಿದವರು 30 ಲಕ್ಷಕ್ಕೂ ಹೆಚ್ಚು. ಹಳೆ ಡಿಸ್ಕಿನಿಂದ 50 ಲಕ್ಷದಿಂದ ಒಂದು ಕೋಟಿ ಯೂರೋವರೆಗೆ ರಾಯಲ್ಟಿ ಕೈತಪ್ಪಿತು ಅಂದರು. ಆ ಹತ್ತು ಲಕ್ಷ ಜನರೂ ಪೂರ್ತಿ ಬೆಲೆ ಕೊಟ್ಟು ಹೊಸದನ್ನೇ ಕೊಳ್ಳುತ್ತಿದ್ದರು ಎಂಬುದನ್ನು ನಾನು ಒಪ್ಪುವುದಿಲ್ಲ. ಆದರೂ ಅವರ ಸಂಕಟ ಸುಳ್ಳಲ್ಲ. ಹತ್ತು ಗಂಟೆಯಲ್ಲಿ ಕಥೆ ಮುಗಿಯುವ ಗೇಮ್ ವಾರದೊಳಗೆ ವಾಪಸ್ ಅಂಗಡಿಗೆ ಬರುತ್ತದೆ. ಫುಟ್‌ಬಾಲ್ ಗೇಮ್ ಹಾಗಲ್ಲ, ವರ್ಷಪೂರ್ತಿ ಮನೆಯಲ್ಲೇ ಇರುತ್ತದೆ. ಹಳೆ ಡಿಸ್ಕಿನ ಪೆಟ್ಟು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ.

ಕಂಪನಿಗಳ ನಿಜವಾದ ಸಿಟ್ಟು ಇದ್ದದ್ದು ದೊಡ್ಡ ಸರಣಿ ಅಂಗಡಿಗಳ ಮೇಲೆ. ಅಮೆರಿಕದ ಗೇಮ್‌ಸ್ಟಾಪ್ 60 ಡಾಲರಿನ ಹೊಸ ಗೇಮ್ ಪಕ್ಕದಲ್ಲೇ ಅದರ ಹಳೆ ಪ್ರತಿಯನ್ನು 55 ಡಾಲರಿಗೆ ಇಡುತ್ತಿತ್ತು. 2010ರ ಸುಮಾರಿಗೆ ಅದರ ವಹಿವಾಟಿನಲ್ಲಿ ಹಳೆ ಮಾಲಿನದ್ದು ಕಾಲುಭಾಗವಾದರೆ, ಒಟ್ಟು ಲಾಭದಲ್ಲಿ ಹತ್ತಿರಹತ್ತಿರ ಅರ್ಧ. ಹೊಸದನ್ನು ಕೇಳಿ ಬಂದ ಗಿರಾಕಿಗೂ ಹಳೆಯದನ್ನೇ ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಅಂಗಡಿಯಲ್ಲಿ ಹೊಸದು, ಹಳೆಯದು ಬೇರೆಬೇರೆ ಶೆಲ್ಫಿನಲ್ಲಿವೆ. ಹೊಸದನ್ನು ಕೇಳಿದವರಿಗೆ ಹೊಸದನ್ನೇ ಕೊಡುತ್ತೇನೆ.

ಇನ್ನೊಂದು ಕಡೆಯೂ ಇದೆ, ಅದು ಕೌಂಟರಿನಲ್ಲಿ ನಿಂತವರಿಗೇ ಕಾಣುವುದು. ದಸರಾ ರಜೆಗೆ ಭದ್ರಾವತಿ, ಹೊಸನಗರ, ಶಿಕಾರಿಪುರದಿಂದ ಹುಡುಗರು ಬರುತ್ತಾರೆ. ಬ್ಯಾಗಿನಿಂದ ಎರಡು ಹಳೆ ಡಿಸ್ಕ್ ತೆಗೆದು ಗಾಜಿನ ಮೇಲಿಟ್ಟು, ‘ಇದನ್ನು ಹಿಡ್ಕೊಂಡು ಅದಕ್ಕೆ ಎಷ್ಟು ಕೊಡಬೇಕು ಸರ್?’ ಅಂತ ಹೊಸ ಗೇಮ್ ಕಡೆ ಬೆರಳು ತೋರಿಸುತ್ತಾರೆ. ನಾಲ್ಕು ಸಾವಿರದ ಗೇಮನ್ನು ಆ ಹುಡುಗ ಸುಮ್ಮನೆ ಕೊಳ್ಳುವವನಲ್ಲ. ಹಳೆಯದು ಮಾರಿಹೋಗುತ್ತದೆ ಎಂಬ ಭರವಸೆ ಇರುವುದರಿಂದಲೇ ಹೊಸದಕ್ಕೆ ಕೈಹಾಕುತ್ತಾನೆ. ಆ ದುಡ್ಡು ಸೇರುವುದು ಗೇಮ್ ಮಾಡಿದವರಿಗೇ ಅಲ್ಲವೇ?

ಇದನ್ನು ಕಂಪನಿಗಳು ಅರ್ಥ ಮಾಡಿಕೊಳ್ಳಲೇ ಇಲ್ಲ. 2010ರಲ್ಲಿ ಅಮೆರಿಕದ ಗೇಮ್ ಕಂಪನಿ ಇಎ ‘ಆನ್‌ಲೈನ್ ಪಾಸ್’ ತಂದಿತು. ಹೊಸ ಡಬ್ಬಿಯೊಳಗೆ ಒಂದೇ ಸಲ ನಡೆಯುವ ಕೋಡ್, ಹಳೆ ಡಿಸ್ಕ್ ಕೊಂಡವರು ಆನ್‌ಲೈನ್ ಆಡಬೇಕೆಂದರೆ ಹತ್ತು ಡಾಲರ್ ಬೇರೆ ಕಟ್ಟಬೇಕು. ಒಬ್ಬರೇ ಕೂತು ಹೆದರುತ್ತ ಆಡುವ ‘ಡೆಡ್ ಸ್ಪೇಸ್’ನ ಎರಡನೇ ಭಾಗಕ್ಕೂ 2011ರಲ್ಲಿ ಆನ್‌ಲೈನ್ ಆಟ ಸೇರಿಸಿ ಅದಕ್ಕೊಂದು ಪಾಸ್ ಇಟ್ಟರು. ಡಿಸ್ಕ್ ಮಾರಿಬಿಡುತ್ತಾರೆಂಬ ಭಯಕ್ಕೆ ಗೇಮಿನ ಸ್ವರೂಪವನ್ನೇ ಕೆಡಿಸಿದಂತೆ ನನಗೆ ಕಂಡಿತು, ಅದು ಇವತ್ತಿಗೂ ಬೇಸರ. ಆ ಪಾಸನ್ನು 2013ರಲ್ಲಿ ಇಎ ತಾನೇ ಕೈಬಿಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ ಘೋಷಿಸಿ, ಹಳೆ ಡಿಸ್ಕಿಗೆ ನಿರ್ಬಂಧ ಹಾಕಲು ಹೊರಟಿತು. ಜನ ರೊಚ್ಚಿಗೆದ್ದರು. ಸೋನಿಯವರು ಜೂನ್‌ನಲ್ಲಿ ಒಂದು ಪುಟ್ಟ ವಿಡಿಯೋ ಬಿಟ್ಟರು: ಪಿಎಸ್4 ಗೇಮನ್ನು ಬೇರೆಯವರಿಗೆ ಕೊಡುವುದು ಹೇಗೆ? ಒಬ್ಬ ಇನ್ನೊಬ್ಬನ ಕೈಗೆ ಡಬ್ಬಿ ಕೊಡುತ್ತಾನೆ, ಅಷ್ಟೇ. ಜೂನ್ 19ಕ್ಕೆ ಮೈಕ್ರೋಸಾಫ್ಟ್ ನಿರ್ಧಾರ ವಾಪಸ್ ಪಡೆಯಿತು.

ನಿಮಗೆ ನನ್ನ ಸಲಹೆ: ದೊಡ್ಡ ಕಂಪನಿಯ ಗೇಮ್ ಹಳೆಯದು ಸಿಕ್ಕರೆ ಖುಷಿಯಿಂದ ಕೊಳ್ಳಿ. ಹತ್ತಿಪ್ಪತ್ತು ಜನರ ತಂಡ ಮಾಡಿದ್ದನ್ನು ಮಾತ್ರ ಹೊಸದೇ ಕೊಳ್ಳಿ. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ‘ರಾಜಿ’ ಎಂಬ ಗೇಮ್ ಮಾಡಿತಲ್ಲ, ಅಂಥವರಿಗೆ ಒಂದೊಂದು ಪ್ರತಿಯ ದುಡ್ಡೂ ಮುಂದಿನ ಗೇಮಿಗೆ ಬಂಡವಾಳ.

ಮಳೆಗಾಲದಲ್ಲಿ ಹಳೆ ಡಿಸ್ಕ್ ಕೊಳ್ಳುವಾಗ ಡಬ್ಬಿ ಬಿಚ್ಚಿ ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ನಡುವಿನಿಂದ ಅಂಚಿಗೆ ಹೋದ ಗೀರು ಅಷ್ಟು ಅಪಾಯವಲ್ಲ, ಸುತ್ತಲೂ ಬಳೆಯಂತೆ ತಿರುಗಿದ ಗೀರು ಕೆಟ್ಟದ್ದು. ಪಿಎಸ್4 ಗೇಮ್ ಬರುವುದು ಬ್ಲೂರೇ ಡಿಸ್ಕಿನಲ್ಲಿ. ಅದರಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿರುತ್ತದೆ. ಡಿವಿಡಿಯಂತೆ ಉಜ್ಜಿ ಪಾಲಿಶ್ ಮಾಡಿ ಸರಿಪಡಿಸಲು ಆಗುವುದಿಲ್ಲ. ನಡುವಿನ ತೂತಿನ ಹತ್ತಿರ ಕೂದಲೆಳೆಯಷ್ಟು ಬಿರುಕಿದ್ದರೂ ಬಿಟ್ಟುಬಿಡಿ. ಕವರ್ ಕಾಗದಕ್ಕೆ ಬೂಷ್ಟು ಹಿಡಿದಿದ್ದರೆ ಡಿಸ್ಕನ್ನು ಇನ್ನೊಮ್ಮೆ ನೋಡಿ.

ಪ್ರಶ್ನೆ: ಕನ್ಸೋಲ್ ಮಾಡುವ ಕಂಪನಿಗಳೇ ಗೇಮನ್ನೂ ಮಾಡಬಹುದಲ್ಲ? ಹೊರಗಿನವರು ಯಾಕೆ ಬಂದರು? ಅವರಿಂದ ಲಾಭವೋ ನಷ್ಟವೋ?
— ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಮೇಡಂ, ಮೊದಲು ಹಾಗೇ ಇತ್ತು. ಅಮೆರಿಕದ ಅಟಾರಿ ಕಂಪನಿಯ ಯಂತ್ರಕ್ಕೆ ಅಟಾರಿಯವರದೇ ಗೇಮ್. ಮಾಡಿದವರ ಹೆಸರು ಎಲ್ಲೂ ಬರುತ್ತಿರಲಿಲ್ಲ, ಎಷ್ಟೇ ಮಾರಾಟವಾದರೂ ಬರೀ ಸಂಬಳ. ಇದರಿಂದ ನೊಂದ ಡೇವಿಡ್ ಕ್ರೇನ್ ಮತ್ತು ಇನ್ನು ಮೂವರು ಪ್ರೋಗ್ರಾಮರ್‌ಗಳು ಕೆಲಸ ಬಿಟ್ಟು 1979ರಲ್ಲಿ ಆಕ್ಟಿವಿಷನ್ ಕಟ್ಟಿದರು. ಬೇರೆಯವರ ಯಂತ್ರಕ್ಕೆ ಗೇಮ್ ಮಾಡುವ ಮೊದಲ ಕಂಪನಿ ಅದು. ಅಟಾರಿ ಕೋರ್ಟಿಗೆ ಹೋಯಿತು. 1982ರಲ್ಲಿ ರಾಜಿಯಾಗಿ, ಆಕ್ಟಿವಿಷನ್ ರಾಯಲ್ಟಿ ಕೊಟ್ಟು ಮುಂದುವರಿಯಿತು. ಅದೇ ವರ್ಷ ಕ್ರೇನ್ ಅವರ ‘ಪಿಟ್‌ಫಾಲ್’ ಬಂದು ಲಕ್ಷಗಟ್ಟಲೆ ಮಾರಾಟವಾಯಿತು.

ಬಾಗಿಲು ತೆರೆದದ್ದೇ ತಡ, ಗೇಮ್ ಅಂದರೇನೆಂದು ಗೊತ್ತಿಲ್ಲದವರೂ ನುಗ್ಗಿದರು. ಅಂಗಡಿಗಳಲ್ಲಿ ಕಳಪೆ ಮಾಲು ರಾಶಿ ಬಿದ್ದು, 1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆ ನೆಲ ಕಚ್ಚಿತು. ಅಟಾರಿಯದೇ ಕೆಟ್ಟ ಗೇಮ್‌ಗಳೂ ಅದಕ್ಕೆ ಕಾರಣ, ಬರೀ ಹೊರಗಿನವರ ತಲೆಗೆ ಕಟ್ಟುವುದು ಅನ್ಯಾಯ. 1985ರಲ್ಲಿ ಅಲ್ಲಿಗೆ ಬಂದ ಜಪಾನಿನ ನಿಂಟೆಂಡೋ ಕಂಪನಿ ಇದರಿಂದ ಪಾಠ ಕಲಿತು ಯಂತ್ರದೊಳಗೇ ಬೀಗದಂಥ ಚಿಪ್ ಕೂರಿಸಿತು. ಅದರ ಒಪ್ಪಿಗೆ ಇಲ್ಲದ ಕಾರ್ಟ್ರಿಜ್ (ಗೇಮ್ ತುಂಬಿದ, ಯಂತ್ರಕ್ಕೆ ಸಿಕ್ಕಿಸುವ ಡಬ್ಬಿ) ಓಡುವುದಿಲ್ಲ. ಹೊರಗಿನವರಿಗೆ ವರ್ಷಕ್ಕೆ ಐದೇ ಗೇಮ್, ಅದೂ ಎರಡು ವರ್ಷ ಬೇರೆ ಯಂತ್ರಕ್ಕೆ ಕೊಡುವಂತಿಲ್ಲ. ಗುಣಮಟ್ಟ ಸುಧಾರಿಸಿತು, ನಿಜ. ಆದರೆ ನಮ್ಮ ಕಡೆ ಅಡಿಕೆ ಮಂಡಿಯವನಿಗೆ ಸ್ವಂತ ತೋಟವೂ ಇದ್ದ ಹಾಗಾಯಿತು: ಕಮಿಷನ್ನೂ ಅವನದೇ, ಪೈಪೋಟಿಯೂ ಅವನದೇ.

ಆ ಬಿಗಿ ಸಡಿಲವಾದದ್ದು ಸೋನಿ ಬಂದ ಮೇಲೆ. ಕಾರ್ಟ್ರಿಜ್ ಮಾಡಿಸುವುದು ದುಬಾರಿ, ಸಿಡಿ ಅಗ್ಗ, ಜಾಗವೂ ಹೆಚ್ಚು. ನಿಂಟೆಂಡೋಗೇ ಮಾಡುತ್ತಿದ್ದ ಸ್ಕ್ವೇರ್ ಕಂಪನಿ 1997ರಲ್ಲಿ ‘ಫೈನಲ್ ಫ್ಯಾಂಟಸಿ’ಯ ಏಳನೇ ಭಾಗವನ್ನು ಪ್ಲೇಸ್ಟೇಷನ್‌ಗೆ ತಂದಿತು. ಹೊರಗಿನವರು ಯಾರ ಕಡೆ ವಾಲುತ್ತಾರೋ ಆ ಯಂತ್ರ ಗೆಲ್ಲುತ್ತದೆ ಎಂಬುದು ಆಗ ಎಲ್ಲರಿಗೂ ಅರಿವಾಯಿತು. ಹಾಗಾಗಿ ಲಾಭವೇ ಹೆಚ್ಚು ಅನ್ನುತ್ತೇನೆ. ಹಳೆ ಡಿಸ್ಕಿನ ವಿಷಯ ಇಲ್ಲೂ ಬರುತ್ತದೆ. ಯಂತ್ರದವರ ಪಾಲು ಸಿಗುವುದು ಹೊಸ ಪ್ರತಿಯ ಮೇಲೆ ಮಾತ್ರ. ಮರುಮಾರಾಟವೆಂದರೆ ಯಂತ್ರದವರೂ ಗೇಮ್ ಮಾಡುವವರೂ ಒಟ್ಟಿಗೆ ಮುಖ ಗಂಟಿಕ್ಕುವುದು ಅದಕ್ಕೇ.

ಪ್ರಶ್ನೆ: ಮಗ ಡಿಸ್ಕ್ ಡ್ರೈವ್ ಇಲ್ಲದ ಪಿಎಸ್5 ಕೇಳುತ್ತಿದ್ದಾನೆ, ಬೆಲೆ ಕಡಿಮೆ ಅಂತೆ. ಕೊಡಿಸಲೇ?
— ಗೃಹಿಣಿ, ಹೊಸನಗರ

ಉತ್ತರ: ಬೇಡಮ್ಮ, ಡ್ರೈವ್ ಇರುವುದನ್ನೇ ಕೊಡಿಸಿ. ಡ್ರೈವ್ ಇಲ್ಲದಿದ್ದರೆ ಎಲ್ಲ ಗೇಮನ್ನೂ ಕಂಪನಿಯ ಆನ್‌ಲೈನ್ ಅಂಗಡಿಯಿಂದಲೇ ಕೊಳ್ಳಬೇಕು. ಅದನ್ನು ಮಾರುವಂತಿಲ್ಲ, ಪಕ್ಕದ ಮನೆ ಹುಡುಗನಿಗೆ ಕೊಟ್ಟು ಬೇರೆಯದು ಇಸಿದುಕೊಳ್ಳುವಂತಿಲ್ಲ. ಅಲ್ಲಿ ದುಡ್ಡು ಕೊಟ್ಟರೂ ನಿಮಗೆ ಸಿಗುವುದು ಪರವಾನಗಿ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು 2025ರಿಂದ ಕಾನೂನೇ ಇದೆ. ಒಂದೊಂದು ದೊಡ್ಡ ಗೇಮ್ 50ರಿಂದ 100 ಜಿಬಿ ಇರುತ್ತದೆ, ಮಳೆಗಾಲದ ನಿಮ್ಮೂರಿನ ಕರೆಂಟು, ನೆಟ್‌ವರ್ಕು ನಂಬಿಕೊಂಡು ಡೌನ್‌ಲೋಡ್‌ಗೆ ಕೂರುವುದು ಕಷ್ಟ. ಈಗಾಗಲೇ ಮುಂಗಡ ಕೊಟ್ಟಿದ್ದರೆ ಯಾವ ಮಾದರಿ ಎಂದು ಕೇಳಿ: 2023ರ ಕೊನೆಗೆ ಬಂದ ತೆಳು ಮಾದರಿಗೆ ಡ್ರೈವನ್ನು ಬೇರೆ ಕೊಂಡು ಸಿಕ್ಕಿಸಬಹುದು, 2020ರ ಹಳೆ ಡಿಜಿಟಲ್ ಮಾದರಿಗೆ ಆಗುವುದಿಲ್ಲ.